ಟೈ ಕಟ್ಟಿದವನು ಗೇಟಿನಲ್ಲಿದ್ದಾನೆ

ಬಿಟಿಎಂ ಲೇಔಟಿನ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಆರೂವರೆಗೆಲ್ಲ ಇದ್ದಿಲ ಹೊಗೆ ಏಳುತ್ತದೆ. ಹಾಲಿನ ಬೂತಿಗೂ ಟ್ರಾನ್ಸ್‌ಫಾರ್ಮರಿಗೂ ನಡುವೆ, ಹೊಂಗೆಮರದ ನೆರಳು ಹಿಡಿದು ನಿಂತ ಇಸ್ತ್ರಿ ಗಾಡಿ. ಹಲಗೆಯ ಮೇಲೆ ಮಡಚಿ ಹಾಸಿದ ಹಳೇ ಕಂಬಳಿ, ಅದರ ಮೇಲೊಂದು ಬಿಳಿ ಬೆಡ್‌ಶೀಟು, ಮೂಲೆಯಲ್ಲಿ ನೀರಿನ ಬಟ್ಟಲು. ಗಾಡಿಯವನು ಪೆಟ್ಟಿಗೆಯ ಮುಚ್ಚಳ ಎತ್ತಿ ಕೆಂಡ ಕೆದಕುತ್ತಾನೆ, ಬೂದಿ ಊದುತ್ತಾನೆ, ಒದ್ದೆ ಬಟ್ಟೆಯ ಮೇಲೆ ಒಮ್ಮೆ ಒತ್ತುತ್ತಾನೆ. ಚುಂಯ್ ಎನ್ನುವ ಸದ್ದಿನಲ್ಲೇ ಕಾವು ಎಷ್ಟಿದೆಯೆಂದು ಅವನಿಗೆ ತಿಳಿಯುತ್ತದೆ. ಗಾಡಿಯ ಕೆಳಗೆ ಗಂಟುಗಳು. ಒಂದು ಹಳೇ ವೇಲಿನಲ್ಲಿ ಕಟ್ಟಿದ್ದು, ಒಂದು ದಿಂಬಿನ ಕವರಿನಲ್ಲಿ ತುರುಕಿದ್ದು, ಮತ್ತೊಂದು ಆನ್‌ಲೈನ್ ಅಂಗಡಿಯ ಚೀಲದಲ್ಲಿ ಬಂದದ್ದು. ಯಾವ ಗಂಟು ಯಾವ ಪಿ.ಜಿ.ಯ ಎಷ್ಟನೇ ಮಹಡಿಯದು ಎಂಬುದಕ್ಕೆ ಚೀಟಿ ಇಲ್ಲ. ಹೆಂಡತಿಗೆ ಎಲ್ಲವೂ ಬಾಯಿಪಾಠ.

ಈ ಊರಿನ ಐಟಿ ಆಫೀಸುಗಳಿಗೆ ಯಾರು ಏನು ಹಾಕಿಕೊಂಡು ಹೋಗುತ್ತಾರೆ ಎಂಬುದನ್ನು ಇಷ್ಟು ಹತ್ತಿರದಿಂದ ನೋಡಿದವರು ಕಡಿಮೆ. "ಮೊದ್ಲೆಲ್ಲ ಬಿಳೀದು, ತಿಳಿ ನೀಲಿ, ಇವೆರಡೇ ಸಾರ್. ಕಣ್ಣು ಮುಚ್ಕೊಂಡು ಉಜ್ಜಬೋದಿತ್ತು. ಪ್ಯಾಂಟಿಗೆ ಕತ್ತಿ ಥರ ಗೆರೆ ಬರಬೇಕಿತ್ತು, ಬರದಿದ್ರೆ ವಾಪಸ್ ತಂದು ಹಾಕೋರು. ಈಗ ಗೆರೆ ಬಂದ್ರೇನೇ ಬೈತಾರೆ" ಎನ್ನುತ್ತಾನೆ. ಕೈಯಲ್ಲಿರುವುದು ಮಣ್ಣಿನ ಬಣ್ಣದ ಕಾಟನ್ ಪ್ಯಾಂಟು. ಚಿನೋಸ್ ಎಂದು ಅಂಗಡಿಯವರು ಕರೆಯುವ ಈ ಪ್ಯಾಂಟಿಗೆ ಮುಂದೆ ಗೆರೆ ಇರಬಾರದು. ಹಾಗಾಗಿ ಅವನು ಕಾಲುಗಳನ್ನು ಹೊಲಿಗೆಯ ಮೇಲೆ ಹೊಲಿಗೆ ಕೂರಿಸಿ ಮಡಚದೆ, ಅಗಲವಾಗಿ ಹರಡಿ, ಅಂಚಿಗೆ ಪೆಟ್ಟಿಗೆ ತಾಗದಂತೆ ನಡುವೆ ಮಾತ್ರ ಓಡಿಸುತ್ತಾನೆ. ಏಳು ಕಿಲೋ ಹತ್ತಿರ ತೂಗುವ ಪೆಟ್ಟಿಗೆಯನ್ನು ಅಂಚಿನಿಂದ ಎರಡು ಬೆರಳು ದೂರದಲ್ಲಿ ನಿಲ್ಲಿಸುವುದು ಕೈಚಳಕದ ಕೆಲಸ. ಗೆರೆ ಹಾಕುವುದಕ್ಕಿಂತ ಹಾಕದೆ ಇರುವುದಕ್ಕೆ ಹೊತ್ತು ಹೆಚ್ಚು ಹಿಡಿಯುತ್ತದೆ, ಕೂಲಿ ಮಾತ್ರ ಅಷ್ಟೇ. ಲಿನನ್ ಅಂಗಿಯ ವಿಷಯ ಎತ್ತಿದರೆ ನಕ್ಕುಬಿಡುತ್ತಾನೆ. ಉಜ್ಜಿ ಮಡಚುವುದರೊಳಗೆ ಮತ್ತೆ ಸುಕ್ಕು. ಸುಕ್ಕೇ ಚೆಂದ ಅಂತ ಒಬ್ಬ ಹುಡುಗ ಹೇಳಿದನಂತೆ. "ಹಂಗಾದ್ರೆ ನನ್ನ ಹತ್ರ ಯಾಕಪ್ಪ ತರ್ತೀಯ ಅಂದೆ."

ಹಾಗೆ ಕೇಳಬಾರದಿತ್ತೋ ಏನೋ. 2024ರಲ್ಲಿ ಕೇಂದ್ರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ತನ್ನ ಪ್ರಯೋಗಾಲಯಗಳ ಸಿಬ್ಬಂದಿಗೆ ಸೋಮವಾರ ಇಸ್ತ್ರಿ ಮಾಡದ ಬಟ್ಟೆ ತೊಟ್ಟು ಬನ್ನಿ ಎಂದು ಕರೆ ಕೊಟ್ಟಿತು. ಒಂದು ಜೊತೆ ಬಟ್ಟೆ ಇಸ್ತ್ರಿ ಮಾಡಿದರೆ ಸುಮಾರು 200 ಗ್ರಾಂ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ ಎಂಬುದು ಅವರ ಲೆಕ್ಕ. ಹಳೇ ವಿಮಾನ ನಿಲ್ದಾಣ ರಸ್ತೆಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಕೂಡ ಅದೇ ಸಂಸ್ಥೆಯ ಕೂಸು. ವಿಜ್ಞಾನಿ ಸುಕ್ಕು ಬಟ್ಟೆಯಲ್ಲಿ ಹೋದರೆ ಪರಿಸರ ಕಾಳಜಿ; ಅದೇ ಬಟ್ಟೆಯಲ್ಲಿ ಕ್ಯಾಂಟೀನಿನ ಹುಡುಗ ಬಂದರೆ ಮೇಸ್ತ್ರಿ ಬೈಯುತ್ತಾನೆ. ಗಾಡಿಯವನಿಗೆ ಈ ಸುದ್ದಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಎದುರಿನ ಪಿ.ಜಿ.ಯ ಮೂರನೇ ಮಹಡಿಯಲ್ಲಿ ಬೇರೆಯದೇ ಚಿಂತೆ. ಮೂರು ಮಂಚದ ರೂಮು. ಬಾಗಿಲ ಹಿಂದಿನ ಮೊಳೆಗೆ ಮೂವರ ಬಟ್ಟೆಯೂ ತೂಗುತ್ತಿದೆ. ದಾವಣಗೆರೆ ಕಡೆಯ ಹುಡುಗನಿಗೆ ಬಂದ ಮೇಲ್‌ನಲ್ಲಿ ಸೋಮವಾರ ಸೇರಬೇಕು, ಆಧಾರ್, ಅಂಕಪಟ್ಟಿಗಳು ತರಬೇಕು, ಡ್ರೆಸ್ ಕೋಡ್ ಬಿಸಿನೆಸ್ ಕ್ಯಾಶುಯಲ್ಸ್ ಎಂದಿದೆ. ಅಂಕಪಟ್ಟಿ ತರುವುದು ಸುಲಭ.

"ಅಂದ್ರೆ ಏನ್ ಹಾಕ್ಕೊಂಡು ಹೋಗ್ಬೇಕಲೇ?"

"ಫುಲ್ ಶರ್ಟ್ ಹಾಕು. ಇಲ್ಲಾಂದ್ರೆ ಕಾಲರ್ ಟೀ ಶರ್ಟ್. ರೌಂಡ್ ನೆಕ್ ಬೇಡ."

"ಜೀನ್ಸ್?"

"ಕಪ್ಪು, ಕಡುನೀಲಿ ಆದ್ರೆ ನಡೆಯುತ್ತೆ. ಹರಿದಿರಬಾರದು."

"ಇನ್‌ಶರ್ಟ್ ಮಾಡ್ಬೇಕಾ?"

ಎರಡು ವರ್ಷದ ಅನುಭವಸ್ಥ ಹಾಸನದವನು ಹಲ್ಲುಜ್ಜುವುದನ್ನು ನಿಲ್ಲಿಸಿ ಯೋಚಿಸುತ್ತಾನೆ. "ಮೊದಲ ದಿನ ಮಾಡ್ಕೊಂಡು ಹೋಗು. ಒಳಗೆ ಹೋಗಿ ನೋಡು. ಯಾರೂ ಮಾಡಿಲ್ಲಾಂದ್ರೆ ಟಾಯ್ಲೆಟ್‌ಗೆ ಹೋಗಿ ಬಿಚ್ಚು."

ಕಂಪನಿಗಳ ಕೈಪಿಡಿಗಳಲ್ಲಿ ಪುಟಗಟ್ಟಲೆ ಬರೆದಿರುವುದರ ಸಾರವೆಲ್ಲ ಈ ಕೊನೆಯ ಮಾತಿನಲ್ಲಿದೆ. ಶಾಲೆಯ ಯೂನಿಫಾರ್ಮಿಗೆ ಬಣ್ಣ ಗೊತ್ತು, ಮದುವೆಗೆ ರೇಷ್ಮೆ ಗೊತ್ತು. ಇಲ್ಲಿ ಏನು ಕೂಡದು ಎಂದಷ್ಟೇ ಹೇಳಿ, ಏನು ಬೇಕೆನ್ನುವುದನ್ನು ಸುತ್ತಲಿನವರನ್ನು ನೋಡಿ ಕಲಿ ಎಂದು ಬಿಟ್ಟಿದ್ದಾರೆ. ಅಪ್ಪ ಬ್ಯಾಂಕಿನಲ್ಲೋ ಕಂಪನಿಯಲ್ಲೋ ಇದ್ದವನಿಗೆ ಈ ನೋಟ ಮನೆಯಲ್ಲೇ ಅಭ್ಯಾಸವಾಗಿರುತ್ತದೆ. ಮೆಕ್ಕೆಜೋಳ ಬೆಳೆಯುವ ಮನೆಯಿಂದ ಬಂದವನು ಮೊದಲ ಸಂಬಳಕ್ಕೆ ಮುಂಚೆಯೇ ಸಾಲ ಮಾಡಿ ಮೂರು ಅಂಗಿ, ಎರಡು ಪ್ಯಾಂಟು, ಒಂದು ಜೊತೆ ಬೂಟು ಕೊಳ್ಳುತ್ತಾನೆ. ಕೊಂಡದ್ದು ಸಾಮಾನ್ಯವಾಗಿ ಒಂದು ಮೆಟ್ಟಿಲು ಹೆಚ್ಚೇ ಫಾರ್ಮಲ್ ಆಗಿರುತ್ತದೆ. ಹೊಳೆಯುವ ಕಪ್ಪು ಬೂಟು, ಬಕಲ್ ದೊಡ್ಡದಿರುವ ಬೆಲ್ಟು. ಹೊಸಬ ಯಾರು ಎಂದು ಗುರುತಿಸಲು ಅಷ್ಟು ಸಾಕು.

ಸಡಿಲ ಉಡುಪಿನ ಈ ಪದ್ಧತಿ ಹುಟ್ಟಿದ್ದು ಸೆಕೆಯ ಊರಿನಲ್ಲಿ. ಹವಾಯಿ ದ್ವೀಪದ ಉಡುಪು ತಯಾರಕರು 1962ರಲ್ಲಿ ಅಲ್ಲಿನ ಶಾಸಕರಿಗೆ ತಲಾ ಎರಡು ಹೂವಿನ ಅಂಗಿ ಹಂಚಿ, ಸೆಕೆಗಾಲದಲ್ಲಿ ಕೋಟು ಬಿಟ್ಟು ಇದನ್ನು ತೊಡಿ ಎಂದು ಬೆನ್ನು ಹತ್ತಿದರು. 1966ರ ಹೊತ್ತಿಗೆ ಅದು ಶುಕ್ರವಾರದ ರೂಢಿಯಾಯಿತು. ಶಾಸಕರ ಮೈ ತಣ್ಣಗಾಯಿತು, ವ್ಯಾಪಾರವೂ ಕುದುರಿತು. ಅಮೆರಿಕದ ಮುಖ್ಯ ಭೂಭಾಗಕ್ಕೆ ಅದು ಹಬ್ಬಿದಾಗ, ಶುಕ್ರವಾರ ಬಂತೆಂದರೆ ಚಡ್ಡಿ, ಸ್ಯಾಂಡಲ್ಲು ಕಂಡು ಮ್ಯಾನೇಜರುಗಳು ಕಂಗಾಲಾದರು. ಆಗ ಲೀವೈಸ್ ಕಂಪನಿ ಒಂದು ಜಾಣತನ ಮಾಡಿತು. 1986ರಲ್ಲಿ ಡಾಕರ್ಸ್ ಹೆಸರಿನ ಕಾಟನ್ ಪ್ಯಾಂಟುಗಳನ್ನು ಮಾರುಕಟ್ಟೆಗೆ ತಂದಿದ್ದ ಅದು, 1992ರಲ್ಲಿ ಆಫೀಸಿಗೆ ಸಡಿಲವಾಗಿ ಉಡುವುದು ಹೇಗೆ ಎಂಬ ಪುಟ್ಟ ಕೈಪಿಡಿ ಅಚ್ಚು ಹಾಕಿಸಿ ಸುಮಾರು 25,000 ಮಾನವ ಸಂಪನ್ಮೂಲ ಅಧಿಕಾರಿಗಳಿಗೆ ಕಳಿಸಿತು. ಚಿತ್ರದಲ್ಲಿದ್ದವರೆಲ್ಲ ತೊಟ್ಟಿದ್ದದ್ದು ಲೀವೈಸ್ ಮತ್ತು ಡಾಕರ್ಸ್ ಬಟ್ಟೆ. ಪ್ಯಾಂಟು ಮಾರುವವರು ಬರೆದ ಪುಸ್ತಿಕೆ ಕಚೇರಿಗಳ ನಿಯಮವಾಗಿ ಕೂತಿತು. ಕಡುಬಣ್ಣದ ಸೂಟು, ಬಿಳಿ ಅಂಗಿಗೆ ಹೆಸರಾಗಿದ್ದ ಐಬಿಎಂ 1995ರಲ್ಲಿ ಆ ಕಟ್ಟಳೆ ಕೈಬಿಟ್ಟಿತು. ಆಮೇಲೆ ಉಳಿದವರಿಗೆ ನೆಪ ಬೇಕಾಗಲಿಲ್ಲ.

ಭಾರತಕ್ಕೆ ಇದು ಬಂದ ದಾರಿಯಲ್ಲಿ ಬೆಂಗಳೂರಿದೆ. ಇಲ್ಲಿನ ಮದುರಾ ಗಾರ್ಮೆಂಟ್ಸ್ 1993ರಲ್ಲಿ ಅಲನ್ ಸಾಲಿ ಎಂಬ ಇಂಗ್ಲಿಷ್ ಹೆಸರಿನ ಬಟ್ಟೆಗಳನ್ನು ಪೇಟೆಗೆ ಬಿಟ್ಟು, ಶುಕ್ರವಾರದ ಉಡುಪು ಎಂದೇ ಜಾಹೀರಾತು ಮಾಡಿತು. ಬಣ್ಣದ ಅಂಗಿ, ಚೌಕಳಿ, ಮಣ್ಣು ಬಣ್ಣದ ಪ್ಯಾಂಟು. ಆಗಿನ್ನೂ ಆಫೀಸಿಗೆ ಹೋಗುವವರು ಸಫಾರಿ ಸೂಟನ್ನು ಪೂರ್ತಿ ಕೈಬಿಟ್ಟಿರಲಿಲ್ಲ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೈ ಕಟ್ಟಿದ ಹುಡುಗರ ಕಾಲ ಅದರ ಮೇಲೂ ಬಹಳ ವರ್ಷ ನಡೆಯಿತು. ಅಮೆರಿಕದ ಗಿರಾಕಿ ಟೀ ಶರ್ಟಿಗೆ ಇಳಿದ ಮೇಲೂ ನಾವು ಅವರಿಗಾಗಿ ಟೈ ಬಿಗಿದು ಕೂತಿದ್ದೆವು. 2015ರ ಜೂನಿನಲ್ಲಿ ಇನ್ಫೊಸಿಸ್ ಈ ಸಡಿಲಿಕೆಯನ್ನು ವಾರದ ಎಲ್ಲ ದಿನಗಳಿಗೂ ವಿಸ್ತರಿಸಿದಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆಗಿನ ಮುಖ್ಯಸ್ಥ ವಿಶಾಲ್ ಸಿಕ್ಕಾ ಕಪ್ಪು ಟೀ ಶರ್ಟಿನ ಮೇಲೆ ಜಾಕೆಟ್ ಹಾಕಿಕೊಂಡೇ ವೇದಿಕೆ ಏರುತ್ತಿದ್ದರು. ಮೇಲಿನವರು ಕಳಚಿದ ಮೇಲೆ ಕೆಳಗಿನವರಿಗೆ ಕಳಚಲು ಅಪ್ಪಣೆ ಸಿಗುತ್ತದೆ. ಈ ಕ್ರಮ ಹಿಂದುಮುಂದಾದ ಒಂದು ಉದಾಹರಣೆಯೂ ನನಗೆ ನೆನಪಾಗುತ್ತಿಲ್ಲ.

ಚಿನೋಸಿನ ಆ ಮಣ್ಣು ಬಣ್ಣಕ್ಕೂ ನಮ್ಮ ಕರಾವಳಿಗೂ ನಂಟಿದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬಾತ ಖಾಕಿ ಬಣ್ಣ ತಯಾರಿಸಿದ ಕಥೆಯನ್ನು ಮಂಗಳೂರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಪೊಲೀಸರಿಗೆ, ಸಿಪಾಯಿಗಳಿಗೆ ಹೋದ ಬಣ್ಣ ಅದು. ಆಜ್ಞೆ ಪಾಲಿಸುವವರ ಆ ಬಣ್ಣ ಇವತ್ತು ಯಾರ ಆಜ್ಞೆಯೂ ಇಲ್ಲದ ಉಡುಪಿನ ಗುರುತಾಗಿ ಮಾಲ್‌ಗಳ ಗಾಜಿನೊಳಗೆ ನಿಂತಿದೆ.

ಎಂಟೂವರೆಯ ಹಳದಿ ಮಾರ್ಗ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಈ ಮೆಟ್ರೋ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡುತ್ತದೆ. ಜಯದೇವ ಆಸ್ಪತ್ರೆ, ಬಿಟಿಎಂ, ಸಿಲ್ಕ್ ಬೋರ್ಡು ದಾಟುವಾಗ ಬೋಗಿಯೊಳಗೆ ಕಾಲೂರಲು ಜಾಗವಿಲ್ಲ. ಮೇಲಿನ ಹಿಡಿಕೆಗೆ ಎತ್ತಿದ ಕೈಗಳನ್ನು ನೋಡುತ್ತ ಹೋದರೆ ಸಾಕು, ಮುಖ ನೋಡಬೇಕಾಗಿಲ್ಲ. ಮೊಣಕೈವರೆಗೆ ಮಡಚಿದ ತಿಳಿಹಸಿರು ತೋಳು, ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಕಾಲರ್ ಟೀ ಶರ್ಟಿನ ಗಿಡ್ಡ ತೋಳು, ಅದರ ಮೇಲೆ ಯಾವುದೋ ಹಳೇ ಪ್ರಾಜೆಕ್ಟಿನ ಹೆಸರು. ಕಫ್ ಗುಂಡಿ ಹಾಕಿ ಮಣಿಕಟ್ಟು ಮುಚ್ಚಿದ ಬಿಳಿ ತೋಳು. ಆತ ಇಂಟರ್‌ವ್ಯೂಗೆ ಹೊರಟವನು, ಕೈಯ ಫೈಲು ನೋಡದೆಯೂ ಹೇಳಬಹುದು. ಅವುಗಳ ನಡುವೆ ಗಾಢ ನೀಲಿಯ ದಪ್ಪ ಬಟ್ಟೆಯ ತೋಳು, ಭುಜದ ಹತ್ತಿರ ಕಾರ್ಖಾನೆಯ ಮುದ್ರೆ. ಅವನು ಕೊನೆಯ ನಿಲ್ದಾಣದವರೆಗೂ ಹೋಗುತ್ತಾನೆ.

ಬೋಗಿಯ ಹೆಂಗಸರ ಮಟ್ಟಿಗೆ ಬಟ್ಟೆಯ ಪ್ರಶ್ನೆ ಬಹುಪಾಲು ಇತ್ಯರ್ಥವಾಗಿದೆ. ಮೊಣಕಾಲು ಮುಟ್ಟುವ ಕುರ್ತಾ, ಕೆಳಗೆ ಲೆಗ್ಗಿಂಗ್ಸ್ ಅಥವಾ ನೇರ ಪ್ಯಾಂಟು. ಲೀವೈಸ್‌ನವರ ಕೈಪಿಡಿಯಲ್ಲಿ ಇದಕ್ಕೆ ಜಾಗವಿರಲಿಲ್ಲ, ಯಾವ ಕಂಪನಿಯೂ ಸುತ್ತೋಲೆ ಹೊರಡಿಸಿ ಇದನ್ನು ತರಲಿಲ್ಲ. ಚೂಡಿದಾರದಿಂದ ವೇಲು ಮೆಲ್ಲಗೆ ಜಾರಿತು, ಕುರ್ತಾದ ಪಕ್ಕದ ಹೊಲಿಗೆಯಲ್ಲಿ ಜೇಬು ಬಂತು, ಕೆಲಸ ಮುಗಿಯಿತು. ಈ ದೇಶದ ಆಫೀಸು ಉಡುಪಿನಲ್ಲಿ ಬುದ್ಧಿವಂತಿಕೆಯ ಕೆಲಸ ಯಾವುದಾದರೂ ನಡೆದಿದ್ದರೆ ಅದು ಇದೇ ಎಂದು ನನ್ನ ಎಣಿಕೆ. ಸೆಕೆಗೆ ಹತ್ತಿ, ಎ.ಸಿ.ಗೆ ಹೆಗಲ ಮೇಲೊಂದು ಶಾಲು, ಸಂಜೆ ದಾರಿಯಲ್ಲಿ ದೇವಸ್ಥಾನಕ್ಕೂ ಆಯಿತು, ತರಕಾರಿಗೂ ಆಯಿತು. ಬಾಗಿಲ ಪಕ್ಕ ಒರಗಿ ನಿಂತವಳ ಕುತ್ತಿಗೆಯಲ್ಲಿ ಕರಿಮಣಿ ಸರದ ಜೊತೆ ಆಫೀಸಿನ ಟ್ಯಾಗೂ ಇದೆ. ಎರಡೂ ಸಿಕ್ಕಿಕೊಂಡಿವೆ. ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯ ಎರಡೇ ಬೆರಳಿನಲ್ಲಿ, ಕಣ್ಣು ಮೊಬೈಲಿನಿಂದ ಎತ್ತದೆ, ಅವಳು ಅದನ್ನು ಬಿಡಿಸುತ್ತಾಳೆ. ಬೊಮ್ಮನಹಳ್ಳಿ ಬರುವುದರೊಳಗೆ ಟ್ಯಾಗು ಮೇಲೆ, ಕರಿಮಣಿ ಕುರ್ತಾದ ಒಳಗೆ.

ಬಹುಪಾಲು ಎಂದೆ, ಪೂರ್ತಿ ಅಲ್ಲ. ಗಂಡಸರಿಗೆ ಹರಿದ ಜೀನ್ಸು ಬೇಡ, ಚಪ್ಪಲಿ ಬೇಡ ಎಂದು ಮುಗಿಯುವ ನಿಯಮ, ಹೆಂಗಸರ ಪಾಲಿಗೆ ಡೀಸೆಂಟ್ ಆಗಿರಲಿ ಎಂಬ ಮಾತಿಗೆ ಬಂದು ನಿಲ್ಲುತ್ತದೆ. ತೋಳಿಲ್ಲದ ಕುರ್ತಾ ಡೀಸೆಂಟೋ ಅಲ್ಲವೋ? ಮಂಡಿಯಿಂದ ನಾಲ್ಕು ಬೆರಳು ಮೇಲಿನ ಸ್ಕರ್ಟು? ಉತ್ತರ ಆ ಮಹಡಿಯಲ್ಲಿ ಯಾರು ಮ್ಯಾನೇಜರು ಎಂಬುದರ ಮೇಲೆ ನಿಂತಿರುತ್ತದೆ. ಅಕ್ಕಪಕ್ಕದ ಇಬ್ಬರು ಹುಡುಗಿಯರು ಅದನ್ನೇ ಮಾತಾಡುತ್ತಿದ್ದಾರೆ. "ನಮ್ಮ ಟೀಮಲ್ಲಿ ಯಾರೂ ಏನೂ ಅನ್ನಲ್ಲ ಕಣೇ. ಆದ್ರೆ ಎಲ್ರೂ ನೋಡ್ತಾರೆ."

ಇನ್ಫೊಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ ನಿಲ್ದಾಣದಲ್ಲಿ ಬೋಗಿ ಅರ್ಧಕ್ಕರ್ಧ ಖಾಲಿ. ಮೆಟ್ಟಿಲಿಳಿಯುವಾಗಲೇ ಚೀಲಗಳಿಂದ ಟ್ಯಾಗುಗಳು ಹೊರಬರುತ್ತವೆ. ಬಟ್ಟೆ ಸಡಿಲವಾದಷ್ಟೂ ಕೊರಳಿನ ಈ ಪಟ್ಟಿಗೆ ಬೆಲೆ ಏರಿದೆ. ಕಾಲರು, ಟೈ ಇದ್ದಾಗ ಯಾರು ಸಾಹೇಬ, ಯಾರು ಗುಮಾಸ್ತ ಎಂದು ದೂರದಿಂದ ತಿಳಿಯುತ್ತಿತ್ತು. ಈಗ ಇಬ್ಬರದೂ ಅದೇ ಟೀ ಶರ್ಟು. ಹಾಗೆಂದು ಯಾರು ಯಾರೆಂದು ಗೊತ್ತಾಗದೆ ಹೋಗಿಲ್ಲ. ಎಷ್ಟೋ ಕಂಪನಿಗಳಲ್ಲಿ ಕಾಯಂ ನೌಕರರ ಟ್ಯಾಗಿನ ಬಣ್ಣವೇ ಬೇರೆ, ಗುತ್ತಿಗೆಯವರದೇ ಬೇರೆ. ಒಂದು ಬಣ್ಣಕ್ಕೆ ಜಿಮ್ಮಿನ ಬಾಗಿಲು ತೆರೆಯುತ್ತದೆ, ಇನ್ನೊಂದಕ್ಕೆ ತೆರೆಯುವುದಿಲ್ಲ. ಒಂದೇ ಅಂಗಡಿಯ ಒಂದೇ ಅಂಗಿ ತೊಟ್ಟು ಅಕ್ಕಪಕ್ಕ ಕೂತವರನ್ನು ಒಂದು ಇಂಚು ಅಗಲದ ಪಟ್ಟಿ ಬೇರೆ ಮಾಡುತ್ತದೆ.

ಇನ್ನು ಗೇಟು. ಗಾಜಿನ ಕಟ್ಟಡದ ಮುಂದೆ ನಿಂತ ಕಾವಲುಗಾರನನ್ನು ಯಾರೂ ಸರಿಯಾಗಿ ನೋಡುವುದಿಲ್ಲ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಭುಜಕ್ಕೆ ಪಟ್ಟಿ, ಕಡುನೀಲಿ ಪ್ಯಾಂಟಿನಲ್ಲಿ ಮುಂದೆ ಹಿಂದೆ ಗೆರೆ, ಪಾಲಿಶ್ ಮಾಡಿದ ಕಪ್ಪು ಬೂಟು, ಕತ್ತಿನಲ್ಲಿ ಟೈ. ಟೈ ಗಂಟು ಹಾಕಿದ್ದಲ್ಲ. ಗಂಟು ಮೊದಲೇ ಹೊಲಿದು, ಹಿಂದೆ ಇಲಾಸ್ಟಿಕ್ ಕೊಟ್ಟದ್ದು. ಇಲಾಸ್ಟಿಕ್ ಸವೆದು ಕಾಲರಿನ ಕೆಳಗೆ ಒಂದು ಬೆರಳು ಇಳಿದಿದೆ. ಗಳಿಗೆಗೊಮ್ಮೆ ಅದನ್ನು ಮೇಲಕ್ಕೆ ತಳ್ಳುತ್ತಾನೆ. ಏಪ್ರಿಲಿನ ಬಿಸಿಲಿನಲ್ಲೂ ಅದೇ. ಒಳಗೆ ಎ.ಸಿ.ಯಲ್ಲಿ ಚಳಿ ತಡೆಯಲಾರದೆ ಕುರ್ಚಿಗೆ ಜಾಕೆಟ್ ತೂಗುಹಾಕಿಕೊಂಡು ಕೂರುವವರಿಗೆ ಟೈ ಬೇಡವಾಯಿತು. ಹೊರಗೆ ಡಾಂಬರಿನ ಕಾವಿನಲ್ಲಿ ಹನ್ನೆರಡು ಗಂಟೆ ನಿಲ್ಲುವವನಿಗೆ ಉಳಿಯಿತು. ಇಡೀ ಕ್ಯಾಂಪಸ್ಸಿನಲ್ಲಿ ಪೂರ್ತಿ ಫಾರ್ಮಲ್ಸ್‌ನಲ್ಲಿರುವವನು ಅವನೊಬ್ಬನೇ ಇರಬೇಕು. ಸಂಬಳದ ಪಟ್ಟಿಯಲ್ಲಿ ಅವನ ಹೆಸರು ಎಲ್ಲಿರಬಹುದೆಂದು ಹೇಳಬೇಕಾಗಿಲ್ಲ. ಆ ಹೊತ್ತಿಗೆ ಚಡ್ಡಿ, ರೌಂಡ್ ನೆಕ್ ಟೀ ಶರ್ಟಿನಲ್ಲಿ ಕಾರಿನಿಂದ ಇಳಿದವರೊಬ್ಬರಿಗೆ ಅವನು ಸೆಲ್ಯೂಟ್ ಹೊಡೆಯುತ್ತಾನೆ. ಅವರ ಕೊರಳಲ್ಲಿ ಟ್ಯಾಗೂ ಇಲ್ಲ. ಕಂಪನಿ ಕಟ್ಟಿದವರಂತೆ.

ಗೇಟಿನವರಿಗೆ ಬಟ್ಟೆ ನೋಡುವ ಕೆಲಸ ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ಈ ಊರು 2024ರಲ್ಲಿ ಎರಡು ಸಲ ಕೇಳಿಕೊಂಡಿತು. ಫೆಬ್ರುವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆಯೆಂದು ತಡೆದರು. ಸಹಪ್ರಯಾಣಿಕರು ಜಗಳ ತೆಗೆದರು, ವಿಡಿಯೊ ಹರಿದಾಡಿತು, ಮೆಟ್ರೋ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲ್‌ವೊಂದರಲ್ಲಿ ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲಿ ಮಾತೆದ್ದಿತು, ಸರಕಾರ ಆ ಮಾಲ್‌ಗೆ ಏಳು ದಿನ ಬೀಗ ಹಾಕಿಸಿತು. ಎರಡೂ ಕಡೆ ತಡೆದವರು ಸಮವಸ್ತ್ರದವರು. ತಮ್ಮೂರಿನಲ್ಲಿ ಪಂಚೆ ಉಟ್ಟ ಅಪ್ಪನನ್ನು ಬಿಟ್ಟು ಬಂದವರೇ ಆಗಿರಬಹುದು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಬರೆದು ಕೊಡದೆ ಅಂದಾಜಿಗೆ ಬಿಟ್ಟಾಗ, ಅಂದಾಜು ಹೋಗಿ ಕೂರುವುದು ಬಟ್ಟೆಯ ಮೇಲೆಯೇ.

ಅದೇ ಪಂಚೆ ನವೆಂಬರಿನಲ್ಲಿ ಒಂದು ದಿನ ಆಫೀಸಿನ ಗಾಜಿನ ಬಾಗಿಲಿನಿಂದ ರಾಜಠೀವಿಯಲ್ಲಿ ಒಳಗೆ ಹೋಗುತ್ತದೆ. ರಾಜ್ಯೋತ್ಸವ ಆಚರಣೆಯ ದಿನ ಹುಡುಗರೆಲ್ಲ ಬಿಳಿ ಪಂಚೆ, ಹೆಗಲಿಗೆ ಹಳದಿ ಕೆಂಪು ಶಲ್ಯ. ಹೆಚ್ಚಿನವು ವೆಲ್ಕ್ರೋ ಅಂಟಿಸುವ, ಮೊಬೈಲಿಗೆ ಜೇಬಿರುವ ಪಂಚೆಗಳು. ಹುಡುಗಿಯರು ಇಳಕಲ್ ಸೀರೆಯಲ್ಲಿ, ಮೈಸೂರು ಸಿಲ್ಕಿನಲ್ಲಿ, ಮುಡಿಗೆ ಮಲ್ಲಿಗೆ. ಮಧ್ಯಾಹ್ನ ಹೋಳಿಗೆ ಊಟ, ಲಿಫ್ಟಿನ ಕನ್ನಡಿಯಲ್ಲಿ ಫೋಟೊ. ಮರುದಿನ ಅದೇ ಪಂಚೆ ಉಟ್ಟು ಯಾರಾದರೂ ಮೀಟಿಂಗಿಗೆ ಬಂದಾರೆಯೇ? ಎಲ್ಲಿಯೂ ನಿಷೇಧವಿಲ್ಲ, ಯಾರೂ ಬರುವುದೂ ಇಲ್ಲ.

ಹಳೇ ಮೈಸೂರಿನಲ್ಲಿ ಹೀಗಿರಲಿಲ್ಲ. ಆಗಿನ ಕಚೇರಿಯ ಗುಂಪುಚಿತ್ರಗಳನ್ನು ನೋಡಿ. ಕಚ್ಚೆಪಂಚೆ, ಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ತಲೆಗೆ ಜರಿ ಅಂಚಿನ ಪೇಟ. ಸರ್ ಎಂ. ವಿಶ್ವೇಶ್ವರಯ್ಯನವರು ಸೂಟಿನ ಮೇಲೆ ಮೈಸೂರು ಪೇಟ ಇಟ್ಟೇ ಲೋಕಕ್ಕೆ ಪರಿಚಿತರು. ಅವರ ಕೈಕೆಳಗಿನ ಗುಮಾಸ್ತರು ಕೋಟಿನ ಕೆಳಗೆ ಪಂಚೆ ಬಿಟ್ಟಿರಲಿಲ್ಲ. ಸೊಂಟದಿಂದ ಮೇಲೆ ಕಚೇರಿ, ಸೊಂಟದಿಂದ ಕೆಳಗೆ ಮನೆ. ಆಮೇಲೆ ಬಂದ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಸಾವಿರಾರು ಜನಕ್ಕೆ ಸಮವಸ್ತ್ರ ತೊಡಿಸಿದವು, ಸೈರನ್ನಿನ ಜೊತೆ ಬೆಳಗಾಗುವ ಊರಿನಲ್ಲಿ ಏನು ಉಡಲಿ ಎಂಬ ಪ್ರಶ್ನೆ ಏಳಲಿಲ್ಲ. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯಲ್ಲಿ ಲ್ಯಾಪ್‌ಟಾಪು ಬಿಚ್ಚಿದಾಗ ಹಳೇ ಮೈಸೂರಿನ ಗುಮಾಸ್ತ ತಾನೇ ತಾನಾಗಿ ವಾಪಸು ಬಂದ. ಕ್ಯಾಮೆರಾದೊಳಗೆ ಕಾಲರ್ ಅಂಗಿ, ಮೇಜಿನ ಕೆಳಗೆ ಲುಂಗಿ. ಇಸ್ತ್ರಿ ಗಾಡಿಗಳಿಗೆ ಆ ವರ್ಷ ಅಂಗಿ ಬಂದರೂ ಪ್ಯಾಂಟು ಬರುತ್ತಿರಲಿಲ್ಲ.

ಮಹಡಿಯ ಮೇಲೆ ಈ ಸಡಿಲಿಕೆಯ ನಿಜ ಬಣ್ಣ ಬಯಲಾಗುವುದು ಗಿರಾಕಿ ಬರುವ ದಿನ. ಸೋಮವಾರವೇ ಮೇಲ್ ಬಂದಿರುತ್ತದೆ: ಗುರುವಾರ ಕ್ಲೈಂಟ್ ವಿಸಿಟ್, ಎಲ್ಲರೂ ಫಾರ್ಮಲ್ಸ್. ಬೀರುವಿನ ತಳದಿಂದ ಬ್ಲೇಜರುಗಳು ಏಳುತ್ತವೆ, ಕೆಲವಕ್ಕೆ ಮದುವೆಯ ಆರತಕ್ಷತೆಯ ಅಕ್ಷತೆ ಕಾಳು ಇನ್ನೂ ಜೇಬಿನಲ್ಲಿದೆ. ಹೊಟ್ಟೆ ಸುತ್ತ ಗುಂಡಿ ಕೂರುವುದಿಲ್ಲ. ಮೇಜುಗಳ ಮೇಲಿನ ಚಿಪ್ಸ್ ಪೊಟ್ಟಣ, ಒಣಗುತ್ತಿದ್ದ ಟವೆಲು ಮಾಯ. ಬಾಗಿಲಲ್ಲಿ ರಂಗೋಲಿ, ಆರತಿ ತಟ್ಟೆ, ಹೂಮಾಲೆ. ಹನ್ನೊಂದಕ್ಕೆ ಟೆಕ್ಸಾಸಿನವರೋ ಟೊರೊಂಟೊದವರೋ ಬಂದಿಳಿಯುತ್ತಾರೆ, ಕಾಲರ್ ಟೀ ಶರ್ಟು, ಮಣ್ಣು ಬಣ್ಣದ ಪ್ಯಾಂಟಿನಲ್ಲಿ. ಬ್ಲೇಜರಿನವರು ಟೀ ಶರ್ಟಿನವರಿಗೆ ಪೇಟ ತೊಡಿಸುತ್ತಾರೆ. ಫೋಟೊದಲ್ಲಿ ಎಲ್ಲರೂ ನಗುತ್ತಿದ್ದಾರೆ.

ಕೋನಪ್ಪನ ಅಗ್ರಹಾರ ದಾಟಿ ರೈಲು ಹುಸ್ಕೂರು ರಸ್ತೆ, ಹೆಬ್ಬಗೋಡಿ ಹಾದು ಬೊಮ್ಮಸಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಜಿಗಣಿಯವರೆಗೆ ಕೈಗಾರಿಕಾ ಪ್ರದೇಶ. ಗಾಢ ನೀಲಿ ತೋಳಿನವನು ಇಳಿಯುವುದು ಇಲ್ಲೇ. ರಸ್ತೆಯಲ್ಲಿ ಗಾರ್ಮೆಂಟ್ಸ್ ವ್ಯಾನುಗಳು. ಅವುಗಳಿಂದ ಇಳಿಯುವವರಲ್ಲಿ ಹೆಚ್ಚಿನವರು ಹೆಂಗಸರು, ನೈಲಾನ್ ಸೀರೆ, ಕೈಯಲ್ಲಿ ಊಟದ ಡಬ್ಬಿ, ಒಳಗೆ ಹೋದ ಮೇಲೆ ಅದರ ಮೇಲೊಂದು ಏಪ್ರನ್ನು. ಬೆಂಗಳೂರು ಸುತ್ತಲಿನ ಇಂಥ ಕಾರ್ಖಾನೆಗಳಲ್ಲಿ ಅಮೆರಿಕ, ಯೂರೋಪಿನ ಕಂಪನಿಗಳಿಗೆ ಅಂಗಿ, ಪ್ಯಾಂಟು ತಯಾರಾಗುತ್ತದೆ. ಪೂರ್ತಿ ಪ್ಯಾಂಟನ್ನು ಯಾರೊಬ್ಬರೂ ಹೊಲಿಯುವುದಿಲ್ಲ. ಒಬ್ಬಳು ಇಡೀ ದಿನ ಜೇಬು, ಇನ್ನೊಬ್ಬಳು ಇಡೀ ದಿನ ಬೆಲ್ಟಿನ ಕುಣಿಕೆ, ಗಂಟೆಗೆ ಇಷ್ಟೆಂದು ಟಾರ್ಗೆಟ್ಟು. ಕೊನೆಗೆ ಐರನ್ ಸೆಕ್ಷನ್ನಿನಲ್ಲಿ ಹಬೆಯ ಪೆಟ್ಟಿಗೆ ಅದರ ಮೇಲೆ ಓಡುತ್ತದೆ. ಅಲ್ಲೂ ಗೆರೆ ಬೀಳಬಾರದು. ಹೊಲಿಗೆ ಎರಡು ನೂಲು ತಪ್ಪಿದ ಮಾಲು, ಎಣಿಕೆಗಿಂತ ಹೆಚ್ಚಾದ ಮಾಲು ಹಡಗು ಹತ್ತದೆ ಊರಿನೊಳಗಿನ ಅಂಗಡಿಗಳಿಗೆ ಹೋಗುತ್ತದೆ. ಬೆಂಗಳೂರಿನವರು ಎಕ್ಸ್‌ಪೋರ್ಟ್ ರಿಜೆಕ್ಟ್ ಎಂದು ಕರೆಯುವುದು ಇದನ್ನೇ. ಕತ್ತಿನ ಹಿಂದಿನ ಪಟ್ಟಿ ಅರ್ಧ ಕತ್ತರಿಸಿ ಹೋಗಿರುತ್ತದೆ. ತಿಳಿದವರು ಬೆರಳಿನಲ್ಲಿ ಬಟ್ಟೆ ಉಜ್ಜಿ ನೋಡಿಯೇ ಯಾವ ಕಂಪನಿಯದೆಂದು ಹೇಳುತ್ತಾರೆ. ಶನಿವಾರ ಸಂಜೆ ಮಾರತಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್ಟುಗಳಲ್ಲಿ ಕಾಲಿಡಲು ಆಗದು.

ದಾವಣಗೆರೆಯ ಹುಡುಗ ತನ್ನ ಎರಡು ಚಿನೋಸ್ ಹಿಡಿದು ಬಂದದ್ದು ಅಂಥ ಅಂಗಡಿಯಿಂದಲೇ. ಸೊಂಟ ಸರಿ, ಉದ್ದ ಮೂರು ಇಂಚು ಹೆಚ್ಚು. ಮಡಿವಾಳದ ಮೆಟ್ಟಿಲ ಕೆಳಗಿನ ಆಲ್ಟರೇಷನ್ ಅಂಗಡಿಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಟ್ಯೂಬ್‌ಲೈಟು, ಗೋಡೆಗೆ ಮಲೆ ಮಹದೇಶ್ವರನ ಕ್ಯಾಲೆಂಡರು. ಟೈಲರ್ ಕನ್ನಡಕದ ಮೇಲಿನಿಂದ ನೋಡುತ್ತಾನೆ.

"ಎಲ್ಲಿಗೆ ನಿಲ್ಲಿಸ್ಲಿ? ಬೂಟಿನ ಮೇಲಕ್ಕಾ, ಗೆಣ್ಣಿನ ಮೇಲಕ್ಕಾ?"

"ಆಫೀಸಿಗೆ ಅಣ್ಣಾ."

"ಆಫೀಸಿಗೇ ಗೆಣ್ಣಿನ ಮೇಲೆ ಮಾಡಿಸ್ಕೊಂಡು ಹೋಗ್ತಾರೆ. ನಾನ್ ಕೆಲಸ ಕಲಿಯೋವಾಗ ಹಿಮ್ಮಡಿ ಮುಚ್ಚದಿದ್ರೆ ಮೇಷ್ಟ್ರು ಕತ್ತರಿಲಿ ಹೊಡೆಯೋರು. ಯಾವ ಕಂಪನಿ?"

ಹುಡುಗ ಹೆಸರು ಹೇಳುತ್ತಾನೆ. ಟೈಲರ್ ತಲೆಯಾಡಿಸುತ್ತಾನೆ, ಆ ಕಂಪನಿಯ ಉದ್ದ ಗೊತ್ತಿರುವವನಂತೆ. ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾನೆ, ಬೂಟಿಗೂ ಗೆಣ್ಣಿಗೂ ಮಧ್ಯೆ.

"ಒಳಗೆ ಎರಡಿಂಚು ಬಟ್ಟೆ ಮಡಚಿ ಬಿಟ್ಟಿರ್ತೀನಿ. ಅಲ್ಲಿ ಬೇರೆ ಥರ ಇದ್ರೆ ತಗೊಂಬಾ, ಇಳಿಸ್ಕೊಡ್ತೀನಿ. ಸೋಮವಾರ ಸಾಯಂಕಾಲ ಬಾ."

"ಸೋಮವಾರ ಬೆಳಿಗ್ಗೆನೇ ಜಾಯ್ನಿಂಗ್ ಅಣ್ಣಾ."

"ಅಯ್ಯೋ, ಮೊದ್ಲೇ ಹೇಳೋದಲ್ವಾ. ಕೂತ್ಕೋ, ಆ ಸ್ಟೂಲ್ ಎಳ್ಕೋ" ಎಂದು ಅವನು ಅರ್ಧ ಹೊಲಿದಿದ್ದ ರವಿಕೆಯನ್ನು ಪಕ್ಕಕ್ಕೆ ಸರಿಸಿ, ಯಂತ್ರದ ನೂಲು ಬದಲಾಯಿಸುತ್ತಾನೆ.